ಕೆರೆಯ ಸುತ್ತ ವಾಕಿಂಗ್ ಪಾತ್: ನಾಲ್ಕೂ ಕಡೆ ಏರಿ ಕಟ್ಟಬೇಕೇ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ನಗರದ ಅಂಚಿನ ಊರು. ಊರ ಕೆರೆ ಸುಮಾರು 12 ಎಕರೆ. ಅಭಿವೃದ್ಧಿಗೆ ಅನುದಾನ ಮಂಜೂರಾಗಿದೆ. ನಕ್ಷೆಯಲ್ಲಿ ಕೆರೆಯ ನಾಲ್ಕೂ ಕಡೆ ಏರಿ, ಅದರ ಮೇಲೆ ಇಂಟರ್‌ಲಾಕ್ ಟೈಲ್ಸ್ ಹಾಕಿದ ವಾಕಿಂಗ್ ಪಾತ್, ಒಳಬದಿಗೆ ಪೂರ್ತಿ ಕಲ್ಲುಕಟ್ಟಡ, ರೇಲಿಂಗ್, ದೀಪದ ಕಂಬ, ಕೋಡಿಯ ಮೇಲೆ ಕಾಲುಸೇತುವೆ, ಮಧ್ಯದಲ್ಲಿ ಪಕ್ಷಿಗಳಿಗೊಂದು ನಡುಗಡ್ಡೆ ತೋರಿಸಿದ್ದಾರೆ. ಮೇಲ್ಭಾಗದ ಬಡಾವಣೆಯ 80–100 ಮನೆಗಳ ಚರಂಡಿ ನೀರು ಕೆರೆಗೇ ಬರುತ್ತದೆ. ದನ ಇಳಿಸುವುದೆಲ್ಲಿ ಎಂದು ರೈತರು ಕೇಳುತ್ತಿದ್ದಾರೆ. ಟೆಂಡರ್ ಇನ್ನೂ ಆಗಿಲ್ಲ. ನಾವು ಯಾವ ಬದಲಾವಣೆ ಕೇಳಬೇಕು?

ಉತ್ತರ: ಟೆಂಡರ್‌ಗೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಒಂದೇ ಬದಲಾವಣೆ ಮಾಡಿಸಲು ನಿಮಗೆ ಸಾಧ್ಯವಿದ್ದರೆ, ಮೂರು ಕಡೆಯ ಹೊಸ ಏರಿಯನ್ನು ನಕ್ಷೆಯಿಂದ ತೆಗೆಸಿ. ಉಳಿದ ಬಹುಪಾಲು ತೊಂದರೆಗಳು ಅದರೊಂದಿಗೇ ಹೋಗುತ್ತವೆ.

ನಮ್ಮ ಸೀಮೆಯ ಕೆರೆಗಳಿಗೆ ಏರಿ ಇರುವುದು ತಗ್ಗಿನ ಕಡೆ ಮಾತ್ರ. ಸಖರಾಯಪಟ್ಟಣದ ಅಯ್ಯನಕೆರೆಯನ್ನೇ ನೋಡಿ, ಹಳೇಬೀಡಿನ ದ್ವಾರಸಮುದ್ರವನ್ನೇ ನೋಡಿ: ನೀರನ್ನು ತಡೆಯುವ ಕಡೆ ಏರಿ, ಉಳಿದ ಕಡೆ ನೆಲ ತಾನಾಗಿ ಇಳಿದು ನೀರಿಗೆ ಸೇರುತ್ತದೆ. ಹೊಲ, ತೋಟ, ಗೋಮಾಳದ ಮೇಲೆ ಬಿದ್ದ ಮಳೆ ಹಾಳೆಯಂತೆ ಹರಿದು ಬರುವುದು ಈ ತೆರೆದ ಮೂರು ಕಡೆಗಳಿಂದಲೇ. ಅಲ್ಲಿ ಏರಿ ಹಾಕಿದರೆ ಕೆರೆಯ ಬಾಯಿಯನ್ನೇ ಮುಚ್ಚಿದಂತಾಗುತ್ತದೆ. ನೀರು ಹೊರಬದಿಯಲ್ಲಿ ನಿಂತು ಹಿಂದಿನ ಹೊಲಕ್ಕೂ ಸೈಟುಗಳಿಗೂ ನುಗ್ಗುತ್ತದೆ. ಮೊದಲ ಜೋರು ಮಳೆಗೇ ಯಾರಾದರೂ ರಾತ್ರೋರಾತ್ರಿ ಏರಿ ಕಡಿದು ನೀರು ಬಿಡುತ್ತಾರೆ. ಅವರನ್ನು ದೂರುವಂತೆಯೂ ಇಲ್ಲ.

ಲೆಕ್ಕವನ್ನೂ ನೋಡೋಣ. 12 ಎಕರೆ ಕೆರೆಯ ಸುತ್ತಳತೆ ಸುಮಾರು 900 ಮೀಟರ್ ಎಂದಿಟ್ಟುಕೊಳ್ಳಿ. ಹಳೆಯ ಏರಿ 250 ಮೀಟರ್ ಇದ್ದರೆ ಹೊಸದಾಗಿ ಕಟ್ಟಬೇಕಾದದ್ದು 650 ಮೀಟರ್. ಏರಿಯ ತಲೆ 4 ಮೀಟರ್ ಅಗಲ, ಎತ್ತರ 2 ಮೀಟರ್, ಎರಡೂ ಬದಿಗೆ ಒಂದಕ್ಕೆ ಎರಡರ ಇಳಿಜಾರು ಎಂದರೆ ಬುಡದಲ್ಲಿ 12 ಮೀಟರ್ ಅಗಲ ಬೇಕು. 650ನ್ನು 12ರಿಂದ ಗುಣಿಸಿದರೆ 7,800 ಚದರ ಮೀಟರ್. ಹತ್ತಿರ ಹತ್ತಿರ 2 ಎಕರೆ. ಗಡಿಯಾಚೆಗಿನದು ಪಟ್ಟಾ ಜಮೀನಾದ್ದರಿಂದ ಈ 2 ಎಕರೆ ಕೆರೆಯಂಗಳದಿಂದಲೇ ಹೋಗುತ್ತದೆ. ಕೆರೆ ಉಳಿಸುವ ಹೆಸರಿನಲ್ಲಿ ಅದರ ಆರರಲ್ಲೊಂದು ಪಾಲನ್ನು ಮಣ್ಣು ತುಂಬಿ ಮುಚ್ಚಿದ ಲೆಕ್ಕ. ಅದಕ್ಕೆ ಬೇಕಾದ 10,000 ಘನ ಮೀಟರಿಗೂ ಮಿಕ್ಕ ಮಣ್ಣನ್ನು ಗುತ್ತಿಗೆದಾರರು ತೆಗೆಯುವುದು ಹೆಚ್ಚಾಗಿ ಏರಿಯ ಕಾಲಬುಡದಿಂದಲೇ. ಹಾಗಾಗಿ ದಡದ ಪಕ್ಕದಲ್ಲೇ ಆಳದ ಗುಂಡಿಗಳು ಉಳಿಯುತ್ತವೆ. ಮಕ್ಕಳು ಮುಳುಗುವುದು ಇಂಥ ಕಡೆ: ಎರಡು ಹೆಜ್ಜೆ ಮೊಣಕಾಲುದ್ದ, ಮೂರನೆಯದು ಆಳ.

ಹಾಗಾದರೆ ಓಡಾಡಲು ದಾರಿ ಎಲ್ಲಿ? ಹಳೆಯ ಏರಿಯ ಮೇಲೆ ಒಂದು ಭಾಗ. ತೆರೆದ ಕಡೆಗಳಲ್ಲಿ ನೆಲದ ಮಟ್ಟದಲ್ಲೇ, ಕೋಡಿಯ ತಲೆಗಿಂತ ಸುಮಾರು 75 ಸೆಂ.ಮೀ. ಮೇಲಿನ ರೇಖೆಯನ್ನು ಹಿಡಿದು ಇನ್ನೊಂದು ಭಾಗ. ಕೆರೆ ತುಂಬಿ ಕೋಡಿ ಹರಿಯುವಾಗಲೂ ಆ ರೇಖೆ ಒಣಗಿರುತ್ತದೆ. ಅದನ್ನು ಗುರುತಿಸಲು ಲೆವೆಲ್ ಸರ್ವೆ ಬೇಕು. ಅರ್ಧ ಮೀಟರ್ ಎತ್ತರಕ್ಕೊಂದರಂತೆ ಮಟ್ಟರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇರುವ ನಕ್ಷೆ ಇಲ್ಲದೆ ಎಸ್ಟಿಮೇಟ್ ಮಾಡಿದ್ದರೆ ಅದನ್ನು ಒಪ್ಪಬೇಡಿ. ಕಾಗದದ ಮೇಲೆ ಎಳೆದ ದುಂಡನೆಯ ದಾರಿ ನೆಲದ ಮೇಲೆ ಒಮ್ಮೆ ನೀರೊಳಗೆ, ಒಮ್ಮೆ ಪಕ್ಕದವರ ತೋಟದೊಳಗೆ ಹೋಗುತ್ತದೆ. ಆ ಎತ್ತರದಲ್ಲಿ ಕೆರೆಯ ಜಾಗವೇ ಸಿಗದ ಕಡೆ ದಾರಿಯನ್ನು ಬಿಟ್ಟು ಬೀದಿಗೆ ಸೇರಿಸಿ. ಪೂರ್ತಿ ಸುತ್ತು ಇರಲೇಬೇಕೆಂಬ ಹಟ ಬೇಡ. ದಡದ ಮೂರನೇ ಒಂದು ಭಾಗದಷ್ಟಾದರೂ ಜನರ ಓಡಾಟವಿಲ್ಲದೆ ಉಳಿದರೆ ನೀರುಕೋಳಿ, ಬಕ, ಬಾತುಗಳಿಗೆ ಗೂಡು ಕಟ್ಟಲು ಜಾಗ ಸಿಗುತ್ತದೆ. ನಡುಗಡ್ಡೆಗಿಂತ ಇದೇ ಅವಕ್ಕೆ ಹೆಚ್ಚು ಉಪಯೋಗ.

ದಾರಿಯ ಅಗಲ 2.4 ಮೀಟರ್ ಸಾಕು: ಇಬ್ಬರು ಜೊತೆಯಾಗಿ ನಡೆಯುವಾಗ ಎದುರಿನಿಂದ ಒಬ್ಬರು ಬರಬಹುದು, ಗಾಲಿಕುರ್ಚಿಯೂ ಹೋಗುತ್ತದೆ. ಉದ್ದಕ್ಕೆ ಇಳಿಜಾರು 20ಕ್ಕೆ 1ಕ್ಕಿಂತ ಕಡಿದಾಗದಿರಲಿ. ಮೇಲ್ಮಣ್ಣು 15 ಸೆಂ.ಮೀ. ತೆಗೆದು ಬೇರೆ ಇಡಿ, ಗಿಡಗಳಿಗೆ ಬೇಕಾಗುತ್ತದೆ. ಬುಡವನ್ನು ರೋಲರಿನಿಂದ ಗಟ್ಟಿ ಮಾಡಿ, 40 ಮಿ.ಮೀ. ಜಲ್ಲಿಯನ್ನು ಸಂದುಗಳಿಗೆ ಕ್ರಷರ್ ಪುಡಿ ತುಂಬಿ 10 ಸೆಂ.ಮೀ. ಹಾಸಿ. ಅದರ ಮೇಲೆ ಕ್ರಷರ್ ಪುಡಿಗೆ ಸ್ವಲ್ಪ ಜೇಡಿಮಣ್ಣು ಬೆರೆಸಿ, ನೀರು ಚಿಮುಕಿಸಿ, 5 ಸೆಂ.ಮೀ. ದಪ್ಪಕ್ಕೆ ರೋಲರ್ ಹಾಯಿಸಿ. ಎರಡೂ ಅಂಚಿಗೆ ಸೈಜುಗಲ್ಲು ನೆಲದ ಮಟ್ಟಕ್ಕೇ ಕೂರಲಿ. ಮೇಲೆದ್ದು ನಿಂತರೆ ನೀರು ದಾರಿಯ ಮೇಲೆಯೇ ಹರಿದು ಪುಡಿಯನ್ನು ಕೊಚ್ಚುತ್ತದೆ. ಅಡ್ಡಕ್ಕೆ 100ಕ್ಕೆ 2ರಷ್ಟು ವಾಟ ಕೊಡಿ. ನೀರು ಇಳಿಯುವ ಪ್ರತಿ ತಗ್ಗಿನಲ್ಲೂ, ತಗ್ಗು ಕಾಣದ ಕಡೆ 30–40 ಮೀಟರಿಗೊಂದರಂತೆ, 60 ಸೆಂ.ಮೀ. ಬಾಯಿಯ ಚಪ್ಪಡಿ ಮೋರಿ ಬೇಕು. ಖರ್ಚು ಉಳಿಸಲು ಆರು ಅಂಗುಲದ ಪೈಪ್ ಹಾಕುವವರುಂಟು; ಸಿಲ್ವರ್ ಓಕ್ ಎಲೆ, ಪ್ಲಾಸ್ಟಿಕ್ ಕವರು ಸೇರಿ ಮೊದಲ ವರ್ಷವೇ ಕಟ್ಟಿಕೊಳ್ಳುತ್ತದೆ. ಚಪ್ಪಡಿಯಾದರೆ ಇಬ್ಬರು ಎತ್ತಿ ಪಕ್ಕಕ್ಕಿಟ್ಟು ಒಳಗೆ ಬಳಿಯಬಹುದು.

ಇಂಟರ್‌ಲಾಕ್ ಟೈಲ್ಸ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಹೊಸ ಮಣ್ಣಿನ ಮೇಲೆ ಬೇಡ. ತುಂಬಿದ ಮಣ್ಣು ಎಷ್ಟೇ ದಮ್ಮಸು ಮಾಡಿದರೂ ಒಂದು ಮಳೆಗಾಲ ಕಳೆಯುವವರೆಗೆ ಇಳಿಯುತ್ತಲೇ ಇರುತ್ತದೆ. ಟೈಲ್ಸ್ ಅಡಿಯ ಮರಳು ಅಂಚಿನಿಂದ ಸೋರಿ ಹೋಗಿ ಅಲ್ಲಲ್ಲಿ ಕುಸಿಯುತ್ತದೆ. ಜೊತೆಗೆ ನಮ್ಮಲ್ಲಿ ಆರಿದ್ರಾದಿಂದ ಆಶ್ಲೇಷದವರೆಗೆ ಜಿಟಿಜಿಟಿ ಮಳೆ, ಬಿಸಿಲು ಕಡಿಮೆ. ನುಣುಪು ಮೇಲ್ಮೈಗೆ ಪಾಚಿ ಹಿಡಿಯುತ್ತದೆ, ಬೆಳಿಗ್ಗೆ ನಡೆಯಲು ಬರುವ ವಯಸ್ಸಾದವರು ಜಾರುತ್ತಾರೆ. ಗಟ್ಟಿ ಹಾಸು ಬೇಕೇ ಬೇಕೆನ್ನುವ ಕಡೆ, ಅಂದರೆ ಪ್ರವೇಶದ ಬಳಿ, ಕಡಿದಾದ ಕಡೆ, ಒರಟಾಗಿ ಕೆತ್ತಿದ ಗ್ರಾನೈಟ್ ಚಪ್ಪಡಿ ಹಾಕಿಸಿ.

ಹಳೆಯ ಏರಿಯ ಮೇಲೆ ಏನೇನು ಮಾಡಬಾರದು ಎಂಬುದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ತಪ್ಪಾದರೆ ಕೆಳಗಿನ ಗದ್ದೆಯೂ ಮನೆಯೂ ಹೋಗುತ್ತವೆ. ದೀಪದ ಕಂಬಕ್ಕೆ ಗುಂಡಿ, ಕೇಬಲ್ಲಿಗೆ ಉದ್ದುದ್ದ ಕಾಲುವೆ ಅಗೆದು ಸಡಿಲ ಮಣ್ಣು ಮುಚ್ಚಿದರೆ ಏರಿಯ ತಲೆಯಲ್ಲೇ ನೀರಿಗೆ ದಾರಿ ಮಾಡಿಕೊಟ್ಟಂತೆ. ಕಂಬಗಳನ್ನು ಏರಿಯಿಂದ ಕೆಳಗೆ, ಹೊರಬದಿಯ ಕಾಲಬುಡದಿಂದ ದೂರ ಇಡಿ, ಅಥವಾ ಏರಿಯ ಮೇಲೆ ದೀಪವೇ ಬೇಡ. ಏರಿಯ ಮೇಲೆ ಮರ ನೆಡಬಾರದು. ಬೇರು ಸತ್ತು ಕೊಳೆತಾಗ ಅದು ಇದ್ದ ಜಾಗ ಕೊಳವೆಯಾಗುತ್ತದೆ, ನೀರು ಅದನ್ನು ಹಿಡಿದು ಮಣ್ಣನ್ನು ಒಳಗಿಂದೊಳಗೇ ಹೊತ್ತೊಯ್ಯುತ್ತದೆ. ಅದೇ ಕಾರಣಕ್ಕೆ ಏರಿಯ ಮೇಲೆ ಈಗಾಗಲೇ ಇರುವ ದೊಡ್ಡ ಮರಗಳನ್ನು ಅವಸರದಿಂದ ಕಡಿಯಲೂ ಬೇಡಿ. ಕಡಿದ ಮರದ ಬೇರೇ ಹೆಚ್ಚು ಅಪಾಯ. ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಪಡೆದು, ಬುಡದ ಸಮೇತ ತೆಗೆದು, ಗುಂಡಿಗೆ ಜೇಡಿಮಣ್ಣನ್ನು ಪದರಪದರವಾಗಿ ಕುಟ್ಟಿ ತುಂಬಬೇಕು.

ಏರಿಯನ್ನು ಎತ್ತರಿಸುವ ಅಥವಾ ಅಗಲಿಸುವ ಕೆಲಸವಿದ್ದರೆ ಹಳೆಯ ಇಳಿಜಾರಿನ ಹುಲ್ಲು ಕೆತ್ತಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಅದಕ್ಕೆ ಹೊಸ ಮಣ್ಣು ಕಚ್ಚಿಕೊಳ್ಳುವಂತೆ ಮಾಡಬೇಕು. ಒಂದೊಂದು ಪದರ 20–25 ಸೆಂ.ಮೀ. ಮೀರಬಾರದು. ಟಿಪ್ಪರ್‌ನಿಂದ ಸುರಿದು ಜೆಸಿಬಿಯ ಬಕೆಟ್ಟಿನಿಂದ ತಟ್ಟುವುದು ದಮ್ಮಸು ಅಲ್ಲ. ಎಸ್ಟಿಮೇಟ್‌ನಲ್ಲಿ ರೋಲರ್ ಮತ್ತು ಪ್ರಾಕ್ಟರ್ ಪರೀಕ್ಷೆ (ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ನೋಡಲು), ಶೇ 95 ಸಾಂದ್ರತೆ ಎಂದು ಬರೆಸಿ, ಪರೀಕ್ಷೆಯ ವರದಿ ಕೇಳಿ. ಏರಿಯ ತಲೆಯ ಮೇಲಿನ ದಾರಿಗೆ ವಾಟ ನೀರಿನ ಕಡೆಗೇ ಇರಲಿ. ಹೊರಬದಿಗೆ ಕೊಟ್ಟರೆ ಮಳೆನೀರು ಅಲ್ಲಿ ಕೊರಕಲು ಬೀಳಿಸುತ್ತದೆ. ಹೊರಬದಿಗೆ ಗರಿಕೆ, ಅಡ್ಡಸಾಲುಗಳಲ್ಲಿ 10–15 ಸೆಂ.ಮೀ. ಅಂತರಕ್ಕೆ ಲಾವಂಚ. ತೂಬಿಗೆ ಹೋಗುವ ಮೆಟ್ಟಿಲು, ತೂಬಿನ ಬಾಯಿ ಅಂದಚಂದದ ಕೆಲಸದಲ್ಲಿ ಮುಚ್ಚಿಹೋಗದಂತೆ ಅಚ್ಚುಕಟ್ಟಿನ ರೈತರೊಬ್ಬರನ್ನು ಜೊತೆಗಿಟ್ಟುಕೊಂಡೇ ಗುರುತು ಹಾಕಿಸಿ.

ಇನ್ನು ಕೋಡಿ. ನಕ್ಷೆಯಲ್ಲಿ ಕಾಲುಸೇತುವೆಗೆ ಎರಡು ಕಂಬ, ಅಕ್ಕಪಕ್ಕ ಕಟ್ಟೆ, ಎದುರಿಗೆ ಜಾಲರಿ ಬಂದರೆ ಕೋಡಿ ಕಿರಿದಾಗುತ್ತದೆ. ಅದರ ಪರಿಣಾಮ ಹೀಗೆ. ಕೆರೆಗೆ ನೀರು ಬರುವ ಜಮೀನು 50 ಹೆಕ್ಟೇರ್, ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು 0.4, ಮಳೆಯ ಬಿರುಸು ಗಂಟೆಗೆ 60 ಮಿ.ಮೀ. ಎಂದುಕೊಂಡರೆ, ಮೂರನ್ನೂ ಗುಣಿಸಿ 360ರಿಂದ ಭಾಗಿಸಿದಾಗ ಸೆಕೆಂಡಿಗೆ 3.3 ಘನ ಮೀಟರ್ ನೀರು. 6.5 ಮೀಟರ್ ಉದ್ದದ ಕೋಡಿಯಾದರೆ ಅಷ್ಟು ನೀರು 45 ಸೆಂ.ಮೀ. ಎತ್ತರದಲ್ಲಿ ಹಾಯ್ದು ಹೋಗುತ್ತದೆ. ಕೋಡಿಯಿಂದ ಏರಿಯ ತಲೆಗೆ 90 ಸೆಂ.ಮೀ. ಇದ್ದರೆ ಇನ್ನೂ 45 ಉಳಿಯಿತು, ಭಯವಿಲ್ಲ. ಕಂಬ, ಕಟ್ಟೆ, ಅದಕ್ಕೆ ಸಿಕ್ಕಿಕೊಂಡ ಅಂತರಗಂಗೆ ಎಲ್ಲ ಸೇರಿ ಬಾಯಿ ಅರ್ಧವಾದರೆ ಅದೇ ನೀರು 71 ಸೆಂ.ಮೀ. ಏರುತ್ತದೆ. ಉಳಿಯುವುದು 19 ಸೆಂ.ಮೀ. ಗಾಳಿಗೆ ಎದ್ದ ಅಲೆಗಳೇ ಏರಿಯ ಮೇಲೆ ಹಾಯಲು ಅಷ್ಟು ಸಾಕು. ಮಣ್ಣಿನ ಏರಿಯ ಮೇಲೆ ನೀರು ಹಾಯ್ದರೆ ಅದು ನಿಲ್ಲುವುದಿಲ್ಲ. ಆದ್ದರಿಂದ ಸೇತುವೆ ಒಂದೇ ಹಾರಿಗೆ ಇರಲಿ, ನಡುವೆ ಕಂಬ ಬೇಡ; 6–7 ಮೀಟರಿಗೆ ಉಕ್ಕಿನ ತೊಲೆ ಸಾಕು. ಸೇತುವೆಯ ತಳ ಏರಿಯ ತಲೆಯ ಮಟ್ಟಕ್ಕಿಂತ ಕೆಳಗೆ ಇಳಿಯಬಾರದು, ಎರಡೂ ತುದಿಗೆ 12ಕ್ಕೆ 1ರ ಇಳಿಜಾರು. ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳು ಮೂಟೆ ಇಡುವುದು, ಒಂದಡಿ ಕಾಂಕ್ರೀಟ್ ಏರಿಸುವುದು ಇದೇ ಕಾರಣಕ್ಕೆ ಅಪಾಯ. ನಿಮ್ಮ ಕೆರೆಯ ಅಂಕಿಗಳನ್ನು ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರರಿಂದ ಲೆಕ್ಕ ಹಾಕಿಸಿ. ಮೇಲೆ ಹೊಸ ಬಡಾವಣೆ ಬಂದಿರುವುದರಿಂದ ಹರಿದು ಬರುವ ಪಾಲು ಹಳೆಯ ದಾಖಲೆಗಿಂತ ಹೆಚ್ಚಿರುತ್ತದೆ.

ಚರಂಡಿ ನೀರಿಗೆ ದಾರಿ ಮಾಡದೆ ದಡವನ್ನು ಎಷ್ಟು ಸಿಂಗರಿಸಿದರೂ ಎರಡನೇ ಬೇಸಿಗೆಗೆ ನಾತ ಬರುತ್ತದೆ. ಕಾರಂಜಿ ಹಾಕಿದರೆ ಸರಿಹೋಗುವುದಿಲ್ಲ. ಒಳಚರಂಡಿ ಸಂಪರ್ಕ ಸಿಗುವಂತಿದ್ದರೆ ಅದೇ ಮೊದಲ ಪರಿಹಾರ. ಸಿಗದಿದ್ದರೆ ನೀರು ಕೆರೆ ಸೇರುವ ಬಾಯಲ್ಲೇ ಜೌಗು, ಅಂದರೆ ಗಿಡ ನೆಟ್ಟು ನೀರು ಶೋಧಿಸುವ ಹಾಸು, ಮಾಡಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ನೀರು ಮೊದಲು ಜೌಗನ್ನು ಹಾಯ್ದೇ ಕೆರೆ ಸೇರುತ್ತದೆ. ನಿಮ್ಮಲ್ಲಿ 400 ಜನ, ತಲೆಗೆ 100 ಲೀಟರ್ ಎಂದರೆ ದಿನಕ್ಕೆ 40,000 ಲೀಟರ್. ಒಂದು ದಿನದ ನೀರು ಹಿಡಿಯುವ ಮಡ್ಡಿ ಇಳಿಸುವ ತೊಟ್ಟಿ, ಅದರ ನಂತರ ತಲೆಗೆ 2 ಚದರ ಮೀಟರಿನಂತೆ 800 ಚದರ ಮೀಟರ್, ಅಂದರೆ 8 ಗುಂಟೆಯಷ್ಟು ಜಲ್ಲಿಯ ಹಾಸು. ಆಳ 60 ಸೆಂ.ಮೀ., ಜಲ್ಲಿ 10–20 ಮಿ.ಮೀ., ನೀರು ಒಳಬರುವ ತುದಿಗೆ ದಪ್ಪ ಕಲ್ಲು. ನೀರು ಜಲ್ಲಿಯ ಮೇಲೆ ಕಾಣದೆ ಒಳಗೇ ಹರಿಯಬೇಕು, ಆಗ ಸೊಳ್ಳೆಯೂ ಇಲ್ಲ, ವಾಸನೆಯೂ ಕಡಿಮೆ. ಆಪು, ಜೊಂಡು, ಕಾಬಾಳೆ ನೆಡಿ. ತೊಟ್ಟಿ ಬಿಟ್ಟು ನೇರ ಜಲ್ಲಿಗೆ ನೀರು ಬಿಟ್ಟಲ್ಲೆಲ್ಲ ಜಲ್ಲಿ ಕಟ್ಟಿಕೊಂಡು ನೀರು ಮೇಲೆ ನಿಂತಿದೆ. ತೊಟ್ಟಿಯ ಮಡ್ಡಿಯನ್ನು ಕಾಲಕಾಲಕ್ಕೆ ಸಕ್ಕಿಂಗ್ ಯಂತ್ರದಿಂದ ತೆಗೆಸಲು ಹಣ ತೆಗೆದಿಡಬೇಕು.

ಮಳೆನೀರು ಈ ಹಾಸಿಗೆ ನುಗ್ಗಬಾರದು. ಕಾಲುವೆಗೆ ಅಡ್ಡಲಾಗಿ ಮೊಣಕಾಲೆತ್ತರದ ಕಟ್ಟೆ ಹಾಕಿ, ದಿನನಿತ್ಯದ ಸಣ್ಣ ಹರಿವು ಮಾತ್ರ ಪಕ್ಕದ ತೊಟ್ಟಿಗೆ ತಿರುಗುವಂತೆ ಮಾಡಿ. ಮಳೆ ಬಂದಾಗ ನೀರು ಕಟ್ಟೆ ಹಾಯ್ದು ಹೂಳುಗುಂಡಿಗೆ ಬೀಳಲಿ. ಈ ಗುಂಡಿ ಸುಮಾರು 4 ಗುಂಟೆ ವಿಸ್ತಾರ, ಒಂದೂಕಾಲರಿಂದ ಒಂದೂವರೆ ಮೀಟರ್ ಆಳವಿದ್ದರೆ ಮೇಲೆ ಹೇಳಿದ ಹರಿವಿನಲ್ಲೂ ನಯವಾದ ಮರಳು ತಳಕ್ಕೆ ಕೂರುತ್ತದೆ. ಜೆಸಿಬಿ ಇಳಿಯಲು ಇಳಿಜಾರು ಬಿಡಿ, ಪ್ರತಿ ಬೇಸಿಗೆಯಲ್ಲೂ ತೆಗೆಸಿ. 12 ಎಕರೆ ಹೂಳು ತೆಗೆಸುವುದಕ್ಕಿಂತ 4 ಗುಂಟೆ ತೆಗೆಸುವುದು ಸುಲಭ. ಮೇಲ್ಭಾಗದಲ್ಲಿ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವುದು) ನಡೆಯುತ್ತಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹಳ್ಳದ ನೀರಿನ ಬಣ್ಣ, ವಾಸನೆ ಗಮನಿಸಿ. ಹುಳಿಯಾದ ಆ ನೀರು ಕೆರೆಯ ನೀರಿನ ಆಮ್ಲಜನಕವನ್ನು ಹೀರಿ ಮೀನು ಸಾಯಿಸುತ್ತದೆ. ಜೌಗಿನಿಂದ ಅದು ಸರಿಹೋಗುವುದಿಲ್ಲ, ತೋಟದಲ್ಲೇ ತಡೆಯಬೇಕು.

ಕಲ್ಲುಕಟ್ಟಡ ಅಲೆ ಬಡಿಯುವ ಕಡೆಗೆ, ಅಂದರೆ ಹಳೆಯ ಏರಿಯ ಒಳಬದಿಗೆ ಮಾತ್ರ. 30 ಸೆಂ.ಮೀ. ಕಲ್ಲಿನ ಹಿಂದೆ 15 ಸೆಂ.ಮೀ. ಗ್ರಾವೆಲ್ ಇರಲೇಬೇಕು. ಇಲ್ಲದಿದ್ದರೆ ಅಲೆಯ ಸೆಳೆತಕ್ಕೆ ಹಿಂದಿನ ಮಣ್ಣು ಸಂದಿನಿಂದ ಹೊರಬಂದು ಕಲ್ಲು ಕುಸಿಯುತ್ತದೆ. ಸಂದಿಗೆ ಸಿಮೆಂಟ್ ಬಳಿಯಬೇಡಿ. ತೂಬು ತೆಗೆದು ನೀರು ಇಳಿದಾಗ ಏರಿಯೊಳಗಿನ ನೀರು ಹೊರಬರಲು ದಾರಿಯಿಲ್ಲದೆ ಗೋಡೆಯನ್ನೇ ಮುಂದಕ್ಕೆ ತಳ್ಳುತ್ತದೆ. ಉಳಿದ ದಡ 6ರಿಂದ 10ಕ್ಕೆ 1ರಂತೆ ನಿಧಾನವಾಗಿ ಇಳಿಯಲಿ. ಹೂಳೆತ್ತುವಾಗ ಏರಿಯ ಬುಡದಿಂದ 10–15 ಮೀಟರ್ ಮುಟ್ಟದೆ ಬಿಡಿ. ಉಳಿದ ಕಡೆಯೂ ಕಡಿದಾದ ಗುಂಡಿ ಉಳಿಯದಂತೆ 3ಕ್ಕೆ 1ಕ್ಕಿಂತ ಸಪಾಟಾಗಿ ಮುಗಿಸಿ, ಗೋಡು ಮಣ್ಣನ್ನು ರೈತರು ಒಯ್ಯಲಿ. ದಡ ಹೀಗಿದ್ದರೆ ರೇಲಿಂಗ್ ಬೇಕಾಗುವುದು ಕೋಡಿ, ತೂಬು, ಸೇತುವೆಯ ಬಳಿ ಮಾತ್ರ.

ದನಕ್ಕೆ ಪ್ರತ್ಯೇಕ ಇಳಿದಾರಿ ಕೇಳುವುದು ರೈತರ ಹಕ್ಕು. 4 ಮೀಟರ್ ಅಗಲ, 8ಕ್ಕೆ 1ರ ಇಳಿಜಾರು, ಒರಟು ಸೈಜುಗಲ್ಲಿನ ಹಾಸು, ಬೇಸಿಗೆಯ ನೀರಿನ ಮಟ್ಟದವರೆಗೂ ಮುಟ್ಟಬೇಕು. ಅರ್ಧಕ್ಕೆ ನಿಲ್ಲಿಸಿದರೆ ಏಪ್ರಿಲ್‌ನಲ್ಲಿ ದನ ಕೆಸರಲ್ಲಿ ಹೂತುಕೊಳ್ಳುತ್ತದೆ. ವಾಕಿಂಗ್ ದಾರಿಯನ್ನು ಅದು ಅಡ್ಡಹಾಯುವ ಕಡೆ ಪುಡಿ ಬಿಟ್ಟು ಕಲ್ಲು ಹಾಸಿ. ಗಂಗೆಪೂಜೆಗೆ, ಬಾಗಿನಕ್ಕೆ ಅಗಲ ಮೆಟ್ಟಿಲು, 15 ಸೆಂ.ಮೀ. ಎತ್ತರ, 35 ಸೆಂ.ಮೀ. ಅಗಲ. ಗಣಪತಿ ವಿಸರ್ಜನೆಗೆ ಕೆರೆಯಿಂದ ಬೇರೆಯಾದ ಸಣ್ಣ ಕಲ್ಯಾಣಿ ಮಾಡಿ.

ನಡುಗಡ್ಡೆ ಬೇಕೇ ಬೇಕಾದರೆ ಸುತ್ತ ಕನಿಷ್ಠ 15 ಮೀಟರ್ ಅಗಲಕ್ಕೆ ಬೇಸಿಗೆಯಲ್ಲೂ ಮೀಟರಿಗೆ ಮಿಕ್ಕ ನೀರಿರಬೇಕು, ಇಲ್ಲವಾದರೆ ನಾಯಿಗಳು ನಡೆದೇ ಹೋಗಿ ಮೊಟ್ಟೆ ತಿನ್ನುತ್ತವೆ. ಹೂಳಿನಿಂದ ಕಟ್ಟಿದರೆ ಕರಗುತ್ತದೆ, ಗ್ರಾವೆಲ್ ಮಣ್ಣೇ ಬೇಕು. 12 ಎಕರೆಗೆ ನಾನಾದರೆ ಬಿಡುತ್ತೇನೆ. ದೀಪ 3 ಮೀಟರ್ ಎತ್ತರದ ಹಳದಿ ಬೆಳಕಿನವು, ಬೆಳಕು ನೀರಿನ ಮೇಲೆ ಬೀಳದಂತೆ, ರಾತ್ರಿ 9ರ ನಂತರ ಆರುವಂತೆ.

ಮರಗಳ ವಿಚಾರದಲ್ಲಿ ನರ್ಸರಿಯಲ್ಲಿ ಸಿಕ್ಕಿದ್ದನ್ನು ಸಾಲಾಗಿ ನೆಡುವ ಅಭ್ಯಾಸ ಬಿಡಬೇಕು. ನೀರಿನಂಚಿಗೆ ನೀರಂಜಿ, ಹೊಳೆಮತ್ತಿ, ಹೊಳೆದಾಸವಾಳ. ಒಂದಿಷ್ಟು ದಿನ ಬುಡದಲ್ಲಿ ನೀರು ನಿಂತರೂ ಇವು ತಾಳುತ್ತವೆ. ಸ್ವಲ್ಪ ಮೇಲೆ ಹೊಂಗೆ, ನೇರಳೆ, ಅತ್ತಿ. ದಾರಿಯ ನೆರಳಿಗೆ ಬಸರಿ, ಹುಣಸೆ, ಸಂಪಿಗೆ. ಗುಲ್ಮೊಹರ್ ಮತ್ತು ನೀರುಕಾಯಿ ಮರದ ಕೊಂಬೆಗಳು ಗಾಳಿಮಳೆಗೆ ಮುರಿದು ಬೀಳುತ್ತವೆ, ಜನ ಓಡಾಡುವ ಕಡೆ ಬೇಡ. ಅತ್ತಿ, ಬಸರಿಯನ್ನು ಏರಿಯ ಬುಡದಿಂದ, ಮೋರಿಯಿಂದ ದೂರವಿಡಿ. 60 ಸೆಂ.ಮೀ. ಘನದ ಗುಂಡಿ, ತೆಗೆದಿಟ್ಟ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಬುಡಕ್ಕೆ ತರಗೆಲೆ ಮುಚ್ಚಿಗೆ. ಮುಂಗಾರು ಹಿಡಿದ ಮೇಲೆ, ಆರಿದ್ರಾ ಮಳೆಯ ಹೊತ್ತಿಗೆ ನೆಟ್ಟರೆ ಬೇಸಿಗೆಯೊಳಗೆ ಬೇರು ಇಳಿಯುತ್ತದೆ. ಆಮೇಲೆ ಎರಡು ಬೇಸಿಗೆ, ಜನವರಿಯಿಂದ ಮೇವರೆಗೆ, ಗಿಡಕ್ಕೆ ವಾರಕ್ಕೆ 20 ಲೀಟರ್. 200 ಗಿಡವೆಂದರೆ ವಾರಕ್ಕೆ 4,000 ಲೀಟರ್, ಒಂದು ಟ್ಯಾಂಕರ್. ಸಾವಿರ ಗಿಡ ನೆಟ್ಟು ಫೋಟೋ ತೆಗೆಸುವ ಬದಲು ಇನ್ನೂರಕ್ಕೆ ನೀರು ಹಾಕಿ ಉಳಿಸಿ.

ಕೆಲಸದ ಕ್ರಮವನ್ನೂ ಬರವಣಿಗೆಯಲ್ಲಿ ಕೇಳಿ. ಮೊದಲು ಗ್ರಾಮ ನಕ್ಷೆ, ಟಿಪ್ಪಣಿ, ಆಕಾರ್‌ಬಂದ್ ಎಂಬ ಭೂದಾಖಲೆಗಳನ್ನು ಇಟ್ಟುಕೊಂಡು ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸುವುದು. ಕೆರೆಯಂಗಳದಲ್ಲಿ ಕಟ್ಟಡಕ್ಕೆ, ಕಸ ಸುರಿಯುವುದಕ್ಕೆ, ಕೊಳಚೆ ಬಿಡುವುದಕ್ಕೆ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಲ್ಲಿ ತಡೆಯಿದೆ, ಆದ್ದರಿಂದ ಶೌಚಾಲಯ, ಅಂಗಡಿ, ಪಾರ್ಕಿಂಗ್ ಎಲ್ಲ ಗಡಿಯ ಹೊರಗೆ. ಬೇಸಿಗೆಯಲ್ಲಿ ಹೂಳುಗುಂಡಿ, ತೊಟ್ಟಿ, ಜಲ್ಲಿಯ ಹಾಸು, ಕೋಡಿ, ಏರಿಯ ದುರಸ್ತಿ. ಅದರ ಮೇಲೆ ಒಂದು ಮಳೆಗಾಲ ಹಾಯಲಿ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೂಟ ಹೊಡೆದು ಗುರುತಿಸಿ, ಮಾರನೆಯ ಬೇಸಿಗೆಯಲ್ಲಿ ದಾರಿ, ಬೆಂಚು, ದೀಪ. ಅನುದಾನ ಮಾರ್ಚ್ ಒಳಗೆ ಖರ್ಚಾಗಬೇಕೆಂದು ಎಲ್ಲವನ್ನೂ ಒಟ್ಟಿಗೆ ಮಾಡಿಸುವ ಒತ್ತಡ ಬರುತ್ತದೆ. ಆಗ ಕಾಮಗಾರಿಯನ್ನು ಎರಡು ಭಾಗ ಮಾಡಿ, ಮೊದಲ ಭಾಗಕ್ಕೆ ಮಾತ್ರ ಈ ವರ್ಷ ಟೆಂಡರ್ ಕರೆಯಲು ಕೇಳಿ.

ಆ ಮೊದಲ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಕೆರೆ ತುಂಬಿದ ಮೇಲೆ ದಿನವೂ, ಒಬ್ಬರು ಏರಿಯ ಹೊರಬದಿಯ ಕಾಲಬುಡದಲ್ಲಿ ನಡೆದು ನೋಡಬೇಕು. ತಿಳಿನೀರು ಜಿನುಗುತ್ತಿದ್ದರೆ ಹೆದರಬೇಕಿಲ್ಲ, ಜಾಗ ಗುರುತಿಸಿ, ಹೆಚ್ಚುತ್ತಿದೆಯೇ ನೋಡಿ. ನೀರು ಕೆಂಪಾಗಿ, ಮಣ್ಣು ಹೊತ್ತು ಬರುತ್ತಿದ್ದರೆ ಏರಿಯೊಳಗೆ ಕೊರೆತ ಶುರುವಾಗಿದೆ. ತಕ್ಷಣ ತೂಬು ತೆಗೆದು ನೀರಿನ ಮಟ್ಟ ಇಳಿಸಿ, ಜಿನುಗುವ ಬಾಯಿಯನ್ನು ಜೇಡಿಮಣ್ಣಿನಿಂದ ಮುಚ್ಚದೆ ಅದರ ಮೇಲೆ ಮೊದಲು ಮರಳು, ನಂತರ ಜಲ್ಲಿ, ಆಮೇಲೆ ದಪ್ಪ ಕಲ್ಲು ಪೇರಿಸಿ. ನೀರು ಹೊರಬರಬೇಕು, ಮಣ್ಣು ಬರಬಾರದು. ಅಷ್ಟು ಮಾಡುತ್ತಲೇ ಇಲಾಖೆಯ ಎಂಜಿನಿಯರರಿಗೂ ಕೆಳಗಿನ ಮನೆಗಳವರಿಗೂ ಸುದ್ದಿ ಮುಟ್ಟಿಸಿ. ಇದಕ್ಕೆ ಬೇಕಾದ ಒಂದು ಲೋಡ್ ಮರಳು, ಒಂದು ಲೋಡ್ ಜಲ್ಲಿ, ಸ್ವಲ್ಪ ಸೈಜುಗಲ್ಲು ಏರಿಯ ಬಳಿ ಮೇ ತಿಂಗಳಲ್ಲೇ ತಂದಿರಿಸಿಕೊಳ್ಳಿ.